ಮಾತು ಬಿಟ್ಟ ಗಿಟಾರು

ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ಬಿ.ಎ. ಗುಮಾಸ್ತನಿಗೂ ಕಾದ ಬೆಸುಗೆ ಕಬ್ಬಿಣಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಬಂದಿತು. ಊಟದ ಮೇಜಿನ ಮೇಲೆ ರಾಳದ ಹೊಗೆ ಎದ್ದ ಮೊದಲನೆಯ ದಿನವೇ ಬಂದಿತು. ಉತ್ತರವಾಗಿ ನಾವು ಅಮೆರಿಕದ ಇನ್ನೊಬ್ಬ ಗುಮಾಸ್ತನ ವೃತ್ತಾಂತವನ್ನು ಹೇಳಿ ಪಾರಾದೆವು.

ಆತನ ಹೆಸರು ಲಿಯೋ ಫೆಂಡರ್. ೧೯೦೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದವನು. ಕಾಲೇಜಿನಲ್ಲಿ ಕಲಿತದ್ದು ಲೆಕ್ಕಪತ್ರದ ವಿದ್ಯೆ. ಆ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕ ಬರೆಯುವ ನೌಕರಿ ಹಿಡಿದನು. ಮೂವತ್ತರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಹುದ್ದೆಯೇ ರದ್ದಾಯಿತು. ಟಯರು ಕಂಪೆನಿಯೊಂದರಲ್ಲಿ ಮತ್ತೆ ಲೆಕ್ಕ ಬರೆದನು, ಅದೂ ಕೈಬಿಟ್ಟಿತು. ಕಡೆಗೆ ೧೯೩೮ರಲ್ಲಿ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದನು. ಅದೇ ಮನುಷ್ಯ ೧೯೫೦ರಲ್ಲಿ ಟೊಳ್ಳು ಹೊಟ್ಟೆಯಿಲ್ಲದ ಗಟ್ಟಿಮರದ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದನು. ಮರುವರ್ಷ ಅದಕ್ಕೆ ಟೆಲಿಕ್ಯಾಸ್ಟರ್ ಎಂಬ ಹೆಸರು ನಿಂತಿತು. ೧೯೫೪ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರಂತೂ ಇಂದಿಗೂ ಲೋಕವೆಲ್ಲ ನಕಲು ಮಾಡುವ ಮಾದರಿ. ವಿನೋದವೇನೆಂದರೆ, ೧೯೯೧ರಲ್ಲಿ ತೀರಿಕೊಳ್ಳುವ ತನಕ ಆತನಿಗೆ ಗಿಟಾರು ನುಡಿಸಲು ಬರಲಿಲ್ಲ. ನಮಗೂ ಬಾರದು. ಇಷ್ಟು ಸಾಮ್ಯ ಸಾಕೆಂದು ಮನೆಯವರಿಗೆ ಅನಿಸಿರಬೇಕು; ಮೇಜು ಸುಟ್ಟೀತೆಂದು ಹಳೆಯ ಹೆಂಚೊಂದನ್ನು ತಂದಿಟ್ಟು ಸುಮ್ಮನಾದರು.

ನಾವು ಈ ವಿದ್ಯೆಗೆ ಕೈಹಾಕಿದ್ದು ನಮ್ಮ ಚಾಳಿನ ಹಿರಿಯರೊಬ್ಬರ ಗಿಟಾರಿನಿಂದಾಗಿ. ಅವರು ಧಾರವಾಡದ ಕಡೆಯವರು. ಹದಿನೆಂಟರ ಹರೆಯದಲ್ಲಿ ಮುಂಬಯಿಗೆ ಬಂದು ಬಟ್ಟೆ ಗಿರಣಿ ಸೇರಿದರು. ವ್ಯಾನ್ ಶಿಪ್ಲಿಯವರು ಸಿನಿಮಾ ಹಾಡುಗಳನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳು ಮನೆಮನೆಗಳಲ್ಲಿ ತಿರುಗುತ್ತಿದ್ದ ಕಾಲ ಅದು. ಹಿರಿಯರಿಗೂ ಹುಚ್ಚು ಹತ್ತಿತು. ಹಡಗಿನ ನೌಕರನೊಬ್ಬನು ತಂದಿದ್ದ ಜಪಾನಿ ಗಿಟಾರನ್ನು ಕಂತಿನಲ್ಲಿ ಕೊಂಡು, ಹಗಲು ಪಾಳಿ ಮುಗಿಸಿ ರಾತ್ರಿ ಗಣೇಶೋತ್ಸವದ ಮಂಟಪಗಳಲ್ಲಿ ಆರ್ಕೆಸ್ಟ್ರಾದವರೊಡನೆ ನುಡಿಸತೊಡಗಿದರು. ೧೯೮೨ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರಷ್ಟೆ. ಆ ವರ್ಷ ಮನೆಗೆ ಅಕ್ಕಿ ಬಂದದ್ದು ಈ ಗಿಟಾರಿನಿಂದ ಎಂದು ಅವರ ಪತ್ನಿ ಈಗಲೂ ಹೇಳುತ್ತಾರೆ. ಆಮೇಲೆ ಗಿರಣಿ ಹೋಯಿತು, ಆರ್ಕೆಸ್ಟ್ರಾ ಚದರಿತು, ಗಿಟಾರು ಅಟ್ಟ ಸೇರಿತು.

ಈಗ ಚಾಳು ಕೆಡವಿ ಮಾಳಿಗೆ ಕಟ್ಟುವ ಮಾತು ನಡೆದಿದೆ. ಅಟ್ಟದ ಸಾಮಾನೆಲ್ಲ ಇಳಿಯಿತು. ಗಿಟಾರು ಕಲಿಯುತ್ತಿದ್ದ ಮೊಮ್ಮಗಳ ಕಣ್ಣಿಗೆ ಇದು ಬಿದ್ದಿತು. ಆಂಪ್ಲಿಫಯರಿಗೆ ಜೋಡಿಸಿದರೆ ಕರಕರ ಸದ್ದು ಮಾತ್ರ. ಪೇಟೆಯ ಅಂಗಡಿಯೊಂದಕ್ಕೆ ಒಯ್ದಾಗ, ಒಳಗಿನದೆಲ್ಲ ಸತ್ತಿದೆ, ಕಿತ್ತೊಗೆದು ಹೊಸ ಸಿದ್ಧ ಜೋಡಣೆಯನ್ನು ಕೂರಿಸುವುದೊಂದೇ ದಾರಿ ಎಂದರಂತೆ. ಅಂಗಡಿಯವರದು ತಪ್ಪೆನ್ನಲಾಗದು, ಅವರ ದುಡಿಮೆಯ ಗಂಟೆಗೂ ಬೆಲೆಯುಂಟು, ಹಳೆಯದನ್ನು ಹುಡುಕಿ ಸರಿಪಡಿಸಲು ಹೋದರೆ ಆ ಬೆಲೆ ಗಿಟಾರಿನದನ್ನೇ ಮೀರುತ್ತದೆ. ಆದರೆ ಹಿರಿಯರು ಒಪ್ಪಲಿಲ್ಲ. “ಎಲ್ಲ ಬದಲಿಸಿದರೆ ದನಿ ಬೇರೆಯಾಗೂದಿಲ್ಲೇನು?” ಎಂದು ಕೇಳಿದರು. ಈ ಪ್ರಶ್ನೆಗೆ ಸರಿಯಾದ ಉತ್ತರ ಬೇಕೆಂದೇ ನಾವು ಈ ಗಿಟಾರಿನ ಹೊಟ್ಟೆಯನ್ನು ಅಭ್ಯಾಸ ಮಾಡಿದ್ದು.

ವಿದ್ಯುತ್ ಗಿಟಾರೆಂದರೆ ಅದರೊಳಗೆ ವಿದ್ಯುತ್ತು ಹರಿದುಬರುತ್ತದೆಂದು ಹಲವರ ತಿಳುವಳಿಕೆ. ಹಾಗಲ್ಲ, ಇಂತಹ ಹಳೆಯ ಗಿಟಾರಿನಲ್ಲಿ ಬ್ಯಾಟರಿ ಕೂಡ ಇಲ್ಲ. ವಿದ್ಯುತ್ತನ್ನು ಅದೇ ಹುಟ್ಟಿಸುತ್ತದೆ. ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇಲ್ಲಿಯದೂ: ತಂತಿ ಸುರುಳಿಯ ಬಳಿ ಅಯಸ್ಕಾಂತ ಕ್ಷೇತ್ರವು ಕದಲಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪಟ್ಟಿಯುಂಟು. ಅದರೊಳಗೆ ಆರು ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಫೆಂಡರನ ಮಾದರಿಯದರಲ್ಲಿ ಸುಮಾರು ೮,೦೦೦ ಸುತ್ತು. ಮೇಲಿರುವ ಉಕ್ಕಿನ ತಂತಿಯನ್ನು ಮೀಟಿದಾಗ ಅದು ಅಯಸ್ಕಾಂತದ ಪ್ರಭಾವದಲ್ಲಿ ಓಲಾಡಿ ಕ್ಷೇತ್ರವನ್ನು ಕದಲಿಸುತ್ತದೆ. ತಂತಿಯು ಸೆಕೆಂಡಿಗೆ ೧೧೦ ಸಲ ಕಂಪಿಸಿದರೆ ಸುರುಳಿಯ ವಿದ್ಯುತ್ತೂ ೧೧೦ ಸಲ ಹೊಯ್ದಾಡುವುದು. ಆಂಪ್ಲಿಫಯರು ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಉಕ್ಕಿನ ಬದಲು ನೈಲಾನು ತಂತಿ ಕಟ್ಟಿದರೆ ಪಿಕಪ್ಪಿಗೆ ಏನೂ ಕೇಳಿಸದು. ಅದಕ್ಕೆ ಕಿವಿಯಿಲ್ಲ, ಕಬ್ಬಿಣದ ಅರಿವು ಮಾತ್ರ.

ಈ ಯುಕ್ತಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಫೆಂಡರನಲ್ಲ. ೧೯೩೨ರಲ್ಲಿಯೇ ಲಾಸ್ ಏಂಜಲೀಸಿನ ರಿಕನ್‌ಬ್ಯಾಕರ್ ಸಂಸ್ಥೆ, ಜಾರ್ಜ್ ಬೋಶಾಮನ ಪಿಕಪ್ ಅಳವಡಿಸಿದ ಅಲ್ಯುಮಿನಿಯಮ್ಮಿನ ಗಿಟಾರನ್ನು ಮಾರುತ್ತಿತ್ತು. ಅದು ತೊಡೆಯ ಮೇಲೆ ಅಡ್ಡ ಮಲಗಿಸಿ ನುಡಿಸುವ ಹವಾಯಿ ಗಿಟಾರು. ಆಕಾರ ನೋಡಿ ಜನ ಅದಕ್ಕೆ ಬಾಣಲೆ ಎಂದೇ ಹೆಸರಿಟ್ಟರು. ಮದರಾಸಿನ ಕಡೆಯ ನಮ್ಮ ವಾಚಕರು ಕೇಳಿ ಬಲ್ಲ ಯು. ಶ್ರೀನಿವಾಸರ (೧೯೬೯–೨೦೧೪) ಮ್ಯಾಂಡೊಲಿನ್ನೂ ವಿದ್ಯುತ್ ವಾದ್ಯವೇ. ಕರ್ನಾಟಕ ಸಂಗೀತದ ಗಮಕಗಳನ್ನು ಅವರು ಅದರಲ್ಲಿ ತೆಗೆದುದನ್ನು ಕೇಳಿದ ಮೇಲೂ ವಿದ್ಯುತ್ ವಾದ್ಯವೆಂದು ಮೂಗು ಮುರಿಯುವವರೊಡನೆ ನಮಗೆ ವಾದವಿಲ್ಲ.

ಪಿಕಪ್ಪಿನಿಂದ ಹೊರಟ ತಂತಿ ಸ್ವಿಚ್ಚಿಗೆ ಬರುತ್ತದೆ. ಮೂರು ಪಿಕಪ್ಪುಗಳಲ್ಲಿ ಯಾವುದು ಮಾತಾಡಬೇಕೆಂದು ಅದು ನಿರ್ಣಯಿಸುತ್ತದೆ. ಅಲ್ಲಿಂದ ದನಿಯ ಏರಿಳಿತದ ತಿರುಗುಗುಂಡಿಗೆ. ಇದರ ಪೂರ್ತಿ ಹೆಸರು ಪೊಟೆನ್ಷಿಯೋಮೀಟರು. ಅಂಗಡಿಯಲ್ಲಿ ‘ಪಾಟು’ ಎಂದರೆ ಸಾಕು. ಕುದುರೆ ಲಾಳದಾಕಾರದ ಇದ್ದಿಲಿನ ಪಟ್ಟಿ, ಅದರ ಮೇಲೆ ಜಾರುವ ಲೋಹದ ನಾಲಗೆ, ಇಷ್ಟೇ. ಇನ್ನೊಂದು ಪಾಟಿನ ಜೊತೆಗೆ ಕೆಪಾಸಿಟರು ಸೇರಿ ಸ್ವರದ ಗುಂಡಿಯಾಗುತ್ತದೆ. ಕೆಪಾಸಿಟರು ಕೀಚಲು ಸ್ವರಗಳಿಗೆ ಬಾಗಿಲು ತೆರೆದು ನೆಲದ ಕಡೆಗೆ ಇಳಿಸಿಬಿಡುತ್ತದೆ, ಮಂದ್ರ ಸ್ವರಗಳನ್ನು ತಡೆದು ಹೊರದಾರಿಗೆ ಕಳುಹಿಸುತ್ತದೆ. ಗುಂಡಿ ತಿರುಗಿಸಿದಷ್ಟೂ ಬಾಗಿಲು ಅಗಲ, ದನಿ ದುಂಡಗೆ. ಕಡೆಯದು ಆಂಪ್ಲಿಫಯರಿನ ತಂತಿ ಚುಚ್ಚುವ ಜ್ಯಾಕು. ಒಟ್ಟಿನಲ್ಲಿ ಹಳೆಯ ರೇಡಿಯೋಕ್ಕಿಂತ ಎಷ್ಟೋ ಸರಳ. ನಮ್ಮ ಕಚೇರಿಯ ಒಂದು ರಜಾ ಅರ್ಜಿ ಸುತ್ತುವ ದಾರಿ ಇದಕ್ಕಿಂತ ಜಟಿಲವಾದುದು.

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಪಾಟು, ಕೆಪಾಸಿಟರುಗಳಿಗೆ ಅವುಗಳದೇ ಆದ ದನಿಯಿಲ್ಲ. ಬೆಲೆ ಸಮನಾಗಿದ್ದರೆ ಹೊಸದು ಹಳೆಯದರಂತೆಯೇ ಕೆಲಸ ಮಾಡೀತು. ಇಂತಹ ಒಂಟಿ ಸುರುಳಿಯ ಪಿಕಪ್ಪಿಗೆ ವಾಡಿಕೆಯಾಗಿ ೨೫೦ ಸಾವಿರ ಓಮಿನ ಪಾಟು, ಜೋಡಿ ಸುರುಳಿಯದಕ್ಕೆ ೫೦೦ ಸಾವಿರದ್ದು. ೨೫೦ರ ಜಾಗದಲ್ಲಿ ೫೦೦ ಹಾಕಿದರೆ ದನಿ ಚೂಪಾಗುವುದು. ಆದರೆ ಪಿಕಪ್ ಎಂಬುದು ಬೇರೆಯೇ ಸಂಗತಿ. ಅಯಸ್ಕಾಂತದ ಬಲ, ಸುತ್ತಿನ ಎಣಿಕೆ, ಸುತ್ತಿದ ಬಿಗಿ, ಎಲ್ಲ ಸೇರಿ ಅದಕ್ಕೊಂದು ಕಂಠ ಬಂದಿರುತ್ತದೆ. ಅದನ್ನು ಕಿತ್ತರೆ ಹಿರಿಯರ ಗಿಟಾರು ಮರ ಮಾತ್ರ ಉಳಿಯುತ್ತದೆ. ಆದ್ದರಿಂದ ಪಿಕಪ್ಪುಗಳನ್ನು ಹೇಗಾದರೂ ಉಳಿಸುವುದು, ಉಳಿದದ್ದರಲ್ಲಿ ಕೆಟ್ಟದ್ದನ್ನು ಮಾತ್ರ ಬದಲಿಸುವುದು ಎಂದು ಗೊತ್ತುಮಾಡಿಕೊಂಡೆವು.

ಸಲಕರಣೆ ಹೆಚ್ಚೇನೂ ಬೇಡ. ಲ್ಯಾಮಿಂಗ್ಟನ್ ರಸ್ತೆಗೆ ಹೋದರೆ ಎಲ್ಲವೂ ಸಿಕ್ಕುತ್ತದೆ, ಡಾ. ಭಡಕಮಕರ ಮಾರ್ಗವೆಂಬ ಅದರ ಸರಕಾರಿ ಹೆಸರನ್ನು ನಾವು ಸರಕಾರಿ ನೌಕರರೂ ಬಳಸುವುದಿಲ್ಲ. ಪುಣೆಯವರಿಗೆ ಬುಧವಾರ ಪೇಟೆ, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟು, ದಿಲ್ಲಿಯವರಿಗೆ ಲಾಜಪತ ರಾಯ್ ಮಾರ್ಕೆಟ್ಟು, ಹೈದರಾಬಾದಿನವರಿಗೆ ಕೋಠಿಯ ಗುಜರಾತಿ ಗಲ್ಲಿ ಉಂಟು. ಊರಿಗೆ ಹೋದಾಗ ಕೊಳ್ಳುವೆವೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಮಲ್ಟಿಮೀಟರು, ಬೆಸುಗೆ ಕಬ್ಬಿಣ, ರಾಳ ತುಂಬಿದ ಬೆಸುಗೆ ತಂತಿ, ಹಳೆಯ ಬೆಸುಗೆಯನ್ನು ಹೀರುವ ತಾಮ್ರದ ಹೆಣಿಗೆ, ಸಂಪರ್ಕಗಳನ್ನು ತೊಳೆಯುವ ಸ್ಪ್ರೇ, ಇಷ್ಟು ಸಾಕು. ಗುಂಡಿ ಕರಕರ ಎಂದೊಡನೆ ತೆಂಗಿನೆಣ್ಣೆ ಬಿಡುವ ಪುಣ್ಯಾತ್ಮರೂ ಇದ್ದಾರೆ. ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ. ದಯವಿಟ್ಟು ಅದನ್ನು ತಲೆಗೇ ಮೀಸಲಿಡಿರಿ.

ಬೆಸುಗೆಯ ಅಭ್ಯಾಸವನ್ನು ಕೆಟ್ಟ ರೇಡಿಯೋ ಒಂದರ ಮೇಲೆ ಒಂದು ತಿಂಗಳು ಮಾಡಿದೆವು. ಇದರಲ್ಲಿ ತಿಳಿಯಬೇಕಾದದ್ದು ಒಂದೇ. ಬೆಸುಗೆ ಲೋಹವನ್ನು ಕಬ್ಬಿಣಕ್ಕೆ ತಾಗಿಸಿ ಕರಗಿಸಿ ಹನಿ ಬೀಳಿಸುವುದಲ್ಲ. ಕೂಡಿಸಬೇಕಾದ ಜಾಗವನ್ನೇ ಕಾಯಿಸಿ, ಲೋಹವನ್ನು ಆ ಜಾಗಕ್ಕೆ ಮುಟ್ಟಿಸಿ ತಾನಾಗಿ ಹರಿಯಗೊಡುವುದು. ತವರ ೬೦, ಸೀಸ ೪೦ ಪಾಲಿನ ಬೆಸುಗೆ ೧೯೦ ಡಿಗ್ರಿ ಸೆಂಟಿಗ್ರೇಡಿನ ಒಳಗೇ ಕರಗುವುದು. ಚೆನ್ನಾಗಿ ಕೂಡಿದ ಬೆಸುಗೆ ತುಪ್ಪ ಹರಡಿದಂತೆ ಹೊಳೆಯುವುದು; ಸರಿಯಾಗಿ ಕಾಯದೆ ಕೂಡಿದ್ದು ಬೂದಿಬಣ್ಣದ ಗೋಲಿಯಂತೆ ಮೇಲೆಯೇ ಕುಳಿತಿರುತ್ತದೆ. ನೋಡಲು ಅಂಟಿದಂತಿದ್ದು ಒಳಗೆ ಅಂಟಿರುವುದಿಲ್ಲ. ಪಾಟಿನ ಲೋಹದ ಬೆನ್ನಿಗೆ ನೆಲದ ತಂತಿಯನ್ನು ಬೆಸೆಯುವುದೇ ಎಲ್ಲಕ್ಕಿಂತ ಕಷ್ಟ. ಆ ತಗಡು ಶಾಖವನ್ನೆಲ್ಲ ಕುಡಿಯುತ್ತದೆ. ಮೊದಲು ಮರಳು ಕಾಗದದಿಂದ ಉಜ್ಜಿ, ಕೊಂಚ ದಪ್ಪ ಮೂತಿಯ ಕಬ್ಬಿಣದಿಂದ ಬೇಗನೆ ಮುಗಿಸಬೇಕು. ತಡವಾದರೆ ಒಳಗಿನ ಇದ್ದಿಲ ಪಟ್ಟಿಗೆ ಕೇಡು. ಸೀಸದ ಕೆಲಸವಾದ್ದರಿಂದ ಕಿಟಕಿ ತೆರೆದಿರಬೇಕು. ಕೈ ತೊಳೆಯದೆ ತಿಂಡಿ ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಗಿಟಾರನ್ನು ಬಿಚ್ಚುವ ಮುನ್ನ ಜ್ಯಾಕಿನಲ್ಲಿಯೇ ಅಳೆದು ನೋಡಿದೆವು. ಈ ಪರೀಕ್ಷೆ ಬಹು ಸೊಗಸಾದುದು. ಜ್ಯಾಕಿಗೆ ತಂತಿ ಚುಚ್ಚಿ, ದನಿಯ ಗುಂಡಿಯನ್ನು ಪೂರ್ತಿ ಏರಿಸಿ, ತಂತಿಯ ಇನ್ನೊಂದು ತುದಿಯ ಮೊನೆಗೂ ಕೊಳವೆಗೂ ಮೀಟರು ಹಿಡಿಯುವುದು. ಪಿಕಪ್ಪು ಆರೋಗ್ಯವಾಗಿದ್ದರೆ ಸುರುಳಿಯ ರೋಧಕ್ಕಿಂತ ಕೂದಲೆಳೆ ಕಡಿಮೆ, ಅಂದರೆ ಐದಾರು ಸಾವಿರ ಓಮು ತೋರಬೇಕು. ಸೊನ್ನೆ ತೋರಿದರೆ ಎಲ್ಲಿಯೋ ತಂತಿ ತಂತಿ ತಾಗಿವೆ. ಏನೂ ತೋರದಿದ್ದರೆ ದಾರಿಯೇ ಕಡಿದಿದೆ. ಮುಂದಿನ ಪಿಕಪ್ಪು ೫.೮ ಸಾವಿರ ತೋರಿಸಿತು, ಹಿಂದಿನದು ೫.೯. ನಡುವಿನದು ೨೪೬ ಸಾವಿರ! ೨೪೬ ಸಾವಿರವೆಂದರೆ ಪಾಟಿನ ರೋಧ ಮಾತ್ರ. ಪಿಕಪ್ಪಿನ ಸುರುಳಿ ಲೆಕ್ಕಕ್ಕೇ ಬಂದಿಲ್ಲ. ಅಂತೂ ಒಂದು ಸ್ಕ್ರೂ ಬಿಚ್ಚದೆಯೇ, ‘ಎಲ್ಲ ಸತ್ತಿದೆ’ ಎಂದಿದ್ದ ಮೂರರಲ್ಲಿ ಎರಡು ಬದುಕಿರುವುದು ತಿಳಿಯಿತು. ಹಿರಿಯರು ಮೀಟರಿನ ಅಂಕಿಯನ್ನು ಕನ್ನಡಕವೇರಿಸಿ ಎರಡು ಸಲ ನೋಡಿದರು.

ಮುಚ್ಚಳ ತೆಗೆದಾಗ ಕಂಡದ್ದು ಮುಂಬಯಿಯ ಹವೆ. ಉಪ್ಪುಗಾಳಿ, ನಲವತ್ತು ಮಳೆಗಾಲ. ತಾಮ್ರವಿದ್ದಲ್ಲೆಲ್ಲ ಹಸಿರು ಕಿಲುಬು. ಇಂತಹ ಕೆಲಸದಲ್ಲಿ ಗುಮಾಸ್ತಗಿರಿಯೂ ಉಪಯೋಗಕ್ಕೆ ಬರುವುದುಂಟು: ಒಂದೊಂದು ತಂತಿಯೂ ಎಲ್ಲಿಂದ ಎಲ್ಲಿಗೆ, ಯಾವ ಬಣ್ಣ ಎಂದು ಕಾಗದದ ಮೇಲೆ ನಕ್ಷೆ ಬರೆದು, ಸಂಖ್ಯೆ ಕೊಟ್ಟು, ಆಮೇಲೆಯೇ ಬಿಚ್ಚಿದೆವು. ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದೆವು. ಆದರೆ ಕೈಯಿಂದ ಬರೆದರೆ ಮಾತ್ರ ತಂತಿಯ ದಾರಿ ತಲೆಗೆ ಹತ್ತುತ್ತದೆ. ಅಮೆರಿಕದ ಹಳೆಯ ಪಾಟುಗಳ ಬೆನ್ನಿನ ಮೇಲೆ ಅವುಗಳ ಜಾತಕವೇ ಅಚ್ಚಾಗಿರುತ್ತದೆ: ೧೩೭೬೬೩೨ ಎಂದಿದ್ದರೆ ೧೩೭ ಎಂಬುದು ಸಿ.ಟಿ.ಎಸ್. ಕಂಪೆನಿಯ ಗುರುತು, ೬೬ ಎಂದರೆ ೧೯೬೬, ೩೨ ಎಂದರೆ ಆ ವರ್ಷದ ಮೂವತ್ತೆರಡನೆಯ ವಾರ. ನಮ್ಮ ಜಪಾನಿಯ ಬೆನ್ನಿನ ಮೇಲೆ ಅಂತಹ ಜಾತಕವಿರಲಿಲ್ಲ, ತುಕ್ಕಿತ್ತು.

ದನಿಯ ಪಾಟು ಸ್ಪ್ರೇ ಹೊಡೆದು ಮೂವತ್ತು ಸಲ ತಿರುಗಿಸಿದೊಡನೆ ಸುಮ್ಮನಾಯಿತು. ಸ್ವಿಚ್ಚೂ ಅಷ್ಟೆ. ಸ್ವರದ ಪಾಟುಗಳಲ್ಲಿ ಒಂದು ತುಕ್ಕು ಹಿಡಿದು ಅಲುಗದಾಗಿತ್ತು, ಅದನ್ನು ಬದಲಿಸಿದೆವು. ಕೊಳ್ಳುವಾಗ ಪಾಟಿನ ಮೇಲಿನ ಅಕ್ಷರ ನೋಡಬೇಕು. ಈಗಿನವುಗಳಲ್ಲಿ ಸಾಮಾನ್ಯವಾಗಿ ‘ಎ’ ಎಂದರೆ ಕಿವಿಗೆ ಹೊಂದುವಂತೆ ಏರುವುದು, ‘ಬಿ’ ಎಂದರೆ ಸಮನಾಗಿ ಏರುವುದು. ನಮ್ಮ ಕಿವಿ ದನಿಯ ಹೆಚ್ಚಳವನ್ನು ಕೂಡಿಸಿ ಅಳೆಯುವುದಿಲ್ಲ, ಗುಣಿಸಿ ಅಳೆಯುತ್ತದೆ. ಅದಕ್ಕೇ ‘ಎ’ ಬೇಕು. ಕೆಪಾಸಿಟರು ಅಳತೆಗೆ ಸರಿಯಾಗಿತ್ತು, ಉಳಿಸಿದೆವು. ಜ್ಯಾಕಿನ ನಾಲಗೆ ಸಡಿಲವಾಗಿತ್ತು, ಬದಲಿಸಿದೆವು.

ಉಳಿದದ್ದು ನಡುವಿನ ಪಿಕಪ್ಪು. ಇಂತಹ ಸುರುಳಿಗಳು ಕಡಿಯುವುದು ಬಹುತೇಕ ಹೊರತುದಿಯಲ್ಲಿ ಅಥವಾ ಒಳತುದಿಯಲ್ಲಿ, ಕೂದಲಿನಂತಹ ತಂತಿ ದಪ್ಪ ತಂತಿಗೆ ಬೆಸೆದುಕೊಂಡ ಬಿಂದುವಿನಲ್ಲಿ. ಒಳತುದಿಯಾದರೆ ಎಲ್ಲ ಸುತ್ತನ್ನೂ ಬಿಚ್ಚಿ ಹೊಸದಾಗಿ ಸುತ್ತಬೇಕು, ಕಂಠ ಹೋದಂತೆಯೇ. ಭೂತಗನ್ನಡಿ ಹಿಡಿದು ನೋಡಿದಾಗ ಹೊರತುದಿಯ ಬೆಸುಗೆಯ ಬಳಿ ಕಿಲುಬಿನ ಚುಕ್ಕೆಯೊಂದು ಕಂಡಿತು. ಊದುಬತ್ತಿಯ ಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ತಂತಿ ಕೈಗೆ ಬಂದಿತು. ಒಂದು ಸುತ್ತು ಬಿಚ್ಚಿ, ತುದಿಯ ಎನಾಮಲ್ ಲೇಪವನ್ನು ಅತಿ ನಯವಾದ ಮರಳು ಕಾಗದದಿಂದ ಸವರಿ, ಹೊಸ ಬಿಂದುವಿಗೆ ಬೆಸೆಯಬೇಕು. ಈ ಕೆಲಸಕ್ಕೆ ಫ್ಯಾನು ನಿಲ್ಲಿಸಬೇಕು, ಮಾತು ನಿಲ್ಲಿಸಬೇಕು, ಉಸಿರನ್ನೂ ಆದಷ್ಟು ನಿಲ್ಲಿಸಬೇಕು. ಮೇ ತಿಂಗಳ ಮುಂಬಯಿಯಲ್ಲಿ ಫ್ಯಾನಿಲ್ಲದ ಮುಕ್ಕಾಲು ಗಂಟೆ! ಮೀಟರು ಹಿಡಿದಾಗ ೬ ಸಾವಿರ ತೋರಿಸಿತು. ಎಂಟು ಸಾವಿರ ಸುತ್ತಿನಲ್ಲಿ ಒಂದು ಕಡಿಮೆಯಾದರೆ ಯಾವ ಕಿವಿಗೂ ಗೊತ್ತಾಗದು.

ಗಿಟಾರು ಸಿದ್ಧವಾದರೂ ಇನ್ನೂ ಒಂದು ವಾರ ಅದನ್ನು ಜೋಡಿಸಗೊಡಲಿಲ್ಲ. ಕಾರಣ ಹಿರಿಯರು ಮಾತಿನ ನಡುವೆ ಹೇಳಿದ ಸಂಗತಿ: ಹಿಂದೆ ಕೆಲವು ಮಂಟಪಗಳಲ್ಲಿ ತಂತಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತಂತೆ. ಅದನ್ನವರು ನಗುತ್ತ ಹೇಳಿದರು. ನಮಗೆ ನಗು ಬರಲಿಲ್ಲ. ಗಿಟಾರಿನ ಲೋಹದ ತಂತಿಗಳೆಲ್ಲ ಒಳಗಿನ ನೆಲದ ತಂತಿಗೆ, ಅದರ ಮೂಲಕ ಆಂಪ್ಲಿಫಯರಿನ ಮೈಗೆ ಸೇರಿರುತ್ತವೆ. ಗುಂಯ್‌ಗುಟ್ಟುವಿಕೆ ಕಡಿಮೆಯಾಗಲೆಂದೇ ಈ ಏರ್ಪಾಡು. ತಂತಿ ಮುಟ್ಟಿದಾಗ ಗುಂಯ್‌ಕಾರ ತಗ್ಗಿದರೆ ಗಿಟಾರಿನೊಳಗೆ ಎಲ್ಲವೂ ಸರಿ ಎಂದರ್ಥ. ಆದರೆ ಆಂಪ್ಲಿಫಯರಿನಲ್ಲಿ ದೋಷವಿದ್ದು, ಗೋಡೆಯ ಪ್ಲಗ್ಗಿನಲ್ಲಿ ಭೂಸಂಪರ್ಕವಿಲ್ಲದಿದ್ದರೆ, ನುಡಿಸುವವರ ಕೈಯೇ ಭೂಮಿಗೆ ದಾರಿಯಾದೀತು. ೧೯೭೨ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರು ವಾದಕನು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ರಂಗದ ಮೇಲೆ ಮುಟ್ಟಿ ಪ್ರಾಣ ಬಿಟ್ಟನು. ನಮ್ಮ ಚಾಳಿನ ಪ್ಲಗ್ಗುಗಳಿಗೆ ಮೂರು ತೂತುಗಳೇನೋ ಇವೆ. ಲೈಸೆನ್ಸುದಾರ ಇಲೆಕ್ಟ್ರಿಷಿಯನ್ನರನ್ನು ಕರೆಸಿ ನೋಡಿಸಿದಾಗ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಹಿರಿಯರ ಮನೆಗೆ ಅದನ್ನು ಎಳೆಸಿ ಆದ ಮೇಲೆಯೇ ಮೊಮ್ಮಗಳ ಕೈಗೆ ಗಿಟಾರು ಕೊಟ್ಟದ್ದು. ವಾಚಕರ ಮನೆಗಳಲ್ಲಿ ಗಿಟಾರಿರಲಿ ಬಿಡಲಿ, ಮೂರನೆಯ ತೂತನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು.

ದನಿ ಬಂದಿತು. ಜೊತೆಗೆ ಟ್ಯೂಬ್‌ಲೈಟಿನ ಗುಂಯ್‌ಕಾರವೂ ಬಂದಿತು. ಒಂಟಿ ಸುರುಳಿಯ ಪಿಕಪ್ಪು ಮನೆಯ ೫೦ ಆವರ್ತದ ವಿದ್ಯುತ್ತನ್ನೂ ಕೇಳಿಸಿಕೊಳ್ಳುವುದು ಅದರ ಹುಟ್ಟುಗುಣ. ಇದಕ್ಕೆ ಮದ್ದು ಕಂಡುಹಿಡಿದವನು ಗಿಬ್ಸನ್ ಕಂಪೆನಿಯ ಸೆತ್ ಲವರ್: ಎದುರುಬದುರಾಗಿ ಸುತ್ತಿದ ಎರಡು ಸುರುಳಿ, ಎದುರುಬದುರು ಧ್ರುವ, ತಂತಿಯ ದನಿ ಕೂಡುತ್ತದೆ, ಗುಂಯ್‌ಕಾರ ಒಂದನ್ನೊಂದು ಕಳೆಯುತ್ತದೆ. ೧೯೫೫ರಲ್ಲಿ ಆತ ಹಾಕಿದ ಪೇಟೆಂಟು ಅರ್ಜಿ ಮಂಜೂರಾದದ್ದು ೧೯೫೯ರಲ್ಲಿ. ಕಡತಗಳು ಎಲ್ಲ ದೇಶದಲ್ಲಿಯೂ ಒಂದೇ ವೇಗದಲ್ಲಿ ಚಲಿಸುತ್ತವೆಂದು ತಿಳಿದು ಸಮಾಧಾನವಾಯಿತು. ಜೋಡಿ ಸುರುಳಿಯದನ್ನು ಹಾಕಿಸೋಣವೇ ಎಂದು ಮೊಮ್ಮಗಳು ಕೇಳಿದಳು. ಹಿರಿಯರು ಟ್ಯೂಬ್‌ಲೈಟನ್ನು ಆರಿಸಿ, ಇನ್ನೊಮ್ಮೆ ನುಡಿಸೆಂದರು. ಅವರ ಬೆರಳು ಈಗ ತಂತಿಯನ್ನು ಒತ್ತಲಾರವು. ಸ್ವಿಚ್ಚನ್ನು ಮಾತ್ರ ತಾವೇ ಹಿಡಿದು ಮುಂದಿನ ಮತ್ತು ನಡುವಿನ ಪಿಕಪ್ಪುಗಳ ಮಧ್ಯೆ ನಿಲ್ಲಿಸಿದರು. ಮೂರೇ ನಿಲುಗಡೆಯ ಹಳೆಯ ಸ್ವಿಚ್ಚಿನಲ್ಲಿ ಹೀಗೆ ಕಳ್ಳ ನಿಲುಗಡೆ ಹುಡುಕುವುದು ಆ ಕಾಲದ ವಾದಕರ ವಿದ್ಯೆ. ಫೆಂಡರ್ ಕಂಪೆನಿಯವರು ಐದು ನಿಲುಗಡೆಯ ಸ್ವಿಚ್ಚನ್ನು ೧೯೭೭ರಲ್ಲಿ ತಾವಾಗಿಯೇ ಹಾಕತೊಡಗಿದರು. “ಇದಽ ಅದು” ಎಂದರು ಹಿರಿಯರು.

ಬದಲಿಸಿದ ಪಾಟು, ಜ್ಯಾಕುಗಳನ್ನು ಎಸೆಯದೆ ಪೊಟ್ಟಣ ಕಟ್ಟಿ ಅವರಿಗೇ ಕೊಟ್ಟಿದ್ದೇವೆ. ಏನು ಬದಲಾಯಿತು, ಯಾವ ದಿನ ಎಂಬ ಚೀಟಿಯೊಂದು ನಕ್ಷೆಯ ಸಹಿತ ಗಿಟಾರಿನ ಮುಚ್ಚಳದ ಕೆಳಗಿದೆ. ಮುಂದೆ ಬಿಚ್ಚುವವರಿಗೆ ಹುಡುಕಾಟ ತಪ್ಪೀತು.

ಈಗ ಸುದ್ದಿ ಹಬ್ಬಿ ಇನ್ನೆರಡು ಗಿಟಾರುಗಳೂ ಒಂದು ವಿದ್ಯುತ್ ಮ್ಯಾಂಡೊಲಿನ್ನೂ ನಮ್ಮ ಮನೆಗೆ ಬಂದಿವೆ. ತರುವವರು ಭಾನುವಾರ ಹತ್ತರ ಮೇಲೆ ತರಬಹುದು. ಬಿಚ್ಚಿದ ಸ್ಕ್ರೂಗಳಿದ್ದರೆ ಅವನ್ನೂ ತರಬೇಕು. ವಾಲ್ವಿನ ಹಳೆಯ ಆಂಪ್ಲಿಫಯರುಗಳನ್ನು ಮಾತ್ರ ತರಬಾರದು; ಪ್ಲಗ್ಗು ಕಿತ್ತ ಮೇಲೂ ಅವುಗಳ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟು ಅಡಗಿ ಕುಳಿತಿರುತ್ತದೆ. ಅದನ್ನು ಬಲ್ಲವರು ಬೇರೆ ಇದ್ದಾರೆ.